ಕುರಿಯ ಏದುಸಿರಿನ ಬೇನೆಯೂ ಅದನ್ನು ತರುವ ರೆಟ್ರೋವೈರಸ್ಸೂ

(ಖಾತೆಯ ಒಬ್ಬ ಇನ್‌ಸ್ಪೆಕ್ಟರರು, ಎಲ್. ಎಜಿ., ಇವರಿಂದ)

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ಭಾಗಗಳ ಎರೆ ಹೊಲಗಳಲ್ಲಿ ಸುಗ್ಗಿಯು ತೀರಿದ ಮೇಲೆ ಕುರಿಯ ಹಿಂಡುಗಳನ್ನು ರಾತ್ರಿ ನಿಲ್ಲಿಸಿಕೊಳ್ಳುವ ರೂಢಿಯು ನಮ್ಮ ವಾಚಕರಿಗೆ ಹೊಸದಲ್ಲ. ಹಿಂಡು ನಾಲ್ಕು ರಾತ್ರಿ ಮಲಗಿದ ಹೊಲದ ಜೋಳಕ್ಕೂ ಮಲಗದ ಹೊಲದ ಜೋಳಕ್ಕೂ ಇರುವ ಅಂತರವನ್ನು ಬದುವಿನ ಮೇಲೆ ನಿಂತು ತೋರಿಸಬಹುದು. ಒಕ್ಕಲುತನದ ಇನ್‌ಸ್ಪೆಕ್ಟರನಿಗೆ ಕುರಿಯ ಪುಪ್ಪುಸದ ಗೊಡವೆ ಏಕೆಂದು ಕೇಳುವವರಿಗೆ ಇದೇ ನನ್ನ ಉತ್ತರವು. ಹಿಂಡು ಕ್ಷೀಣಿಸಿದರೆ ಹೊಲದ ಗೊಬ್ಬರವೂ ಕ್ಷೀಣಿಸುವದು. ಅದಲ್ಲದೆ ಈಗ ಅನೇಕ ಜಮೀನುದಾರರು ತಾವೇ ಐವತ್ತು ನೂರು ಕುರಿಗಳನ್ನು ಸಾಕಿಕೊಂಡಿರುವದರಿಂದ ಈ ವಿಷಯವು ಕುರುಬರಿಗೆ ಮಾತ್ರ ಸಂಬಂಧಪಟ್ಟುದಲ್ಲ.

ಕೆಲವು ವರ್ಷಗಳ ಹಿಂದೆ ಕಪ್ಪತ್ತಗುಡ್ಡದ ಸೆರಗಿನಲ್ಲಿರುವ ಮುಂಡರಗಿ ತಾಲೂಕಿನ ಒಂದು ಹಳ್ಳಿಗೆ ಬೀಜೋಪಚಾರದ ಪ್ರಾತ್ಯಕ್ಷಿಕೆಗಾಗಿ ಹೋಗಿದ್ದೆನು. ಕೆಲಸ ತೀರಿದ ಮೇಲೆ ಊರ ಹಿರಿಯರೊಬ್ಬರು ತಮ್ಮ ದೊಡ್ಡಿಗೆ ಕರೆದೊಯ್ದು ಒಂದು ಕುರಿಯನ್ನು ತೋರಿಸಿದರು. ನಾಲ್ಕು ವರ್ಷದ ಹೆಣ್ಣು ಕುರಿ, ಮೇವನ್ನು ಚೆನ್ನಾಗಿ ತಿನ್ನುತ್ತಿತ್ತು, ಜ್ವರವಿರಲಿಲ್ಲ, ಆದರೂ ಬಡಕಲಾಗಿತ್ತು. ನೆರಳಿನಲ್ಲಿ ಸುಮ್ಮನೆ ನಿಂತಾಗಲೂ ಯಾರೋ ಗುಡ್ಡದಿಂದ ಅಟ್ಟಿಸಿಕೊಂಡು ಬಂದಂತೆ ಅದರ ಪಕ್ಕೆಗಳು ಏರಿಳಿಯುತ್ತಿದ್ದವು. ಮೂಗಿನಿಂದ ನೀರು ಒಸರುತ್ತಿತ್ತು. ಎರಡು ಸಲ ಸೂಜಿ ಹಾಕಿಸಿದ್ದರಂತೆ. ಎರಡು ದಿನ ಹಗುರವೆನಿಸಿ ಮತ್ತೆ ಮೊದಲಿನಂತೆಯೇ ಆಯಿತಂತೆ. “ಸಾಹೇಬರ, ಹಿರೇಬ್ಯಾನಿಗೆ ಸೂಜಿ ಐತಿ, ಸಿಡುಬಿಗೆ ಸೂಜಿ ಐತಿ, ಇದಕ್ಕ ಯಾಕ ಇಲ್ಲ?” ಎಂದು ಅವರು ಕೇಳಿದರು. ನಾನು ಏನೋ ಒಂದು ಹೇಳಿ ಹೊರಟೆನು. ಹದಿನೈದು ದಿನಗಳ ತರುವಾಯ ವಿಚಾರಿಸಿದಾಗ ಕುರಿಯು ಸತ್ತಿತ್ತು, ಅದನ್ನು ಹೂಳಿಯೂ ಆಗಿತ್ತು. ಪುಪ್ಪುಸವನ್ನು ಪರೀಕ್ಷೆಗೆ ಕಳುಹಿಸಿರೆಂದು ಮುಂಚಿತವಾಗಿ ಹೇಳದೆ ಬಂದ ತಪ್ಪು ನನ್ನದು. ಆದುದರಿಂದ ಅದು ಯಾವ ಬೇನೆಯಿಂದ ಸತ್ತಿತೆಂದು ನಾನು ಹೇಳಲಾರೆ. ಆದರೆ ಅವರ ಪ್ರಶ್ನೆಯು ನ್ಯಾಯವಾದದ್ದು. ಅದಕ್ಕೆ ಆಗ ಕೊಡದ ಉತ್ತರವನ್ನು ಈಗ ಇಲ್ಲಿ ಬರೆಯುತ್ತೇನೆ.

ಕುರಿಗೆ ಏದುಸಿರು ಬರಲು ಕಾರಣಗಳು ಹಲವು. ಪುಪ್ಪುಸದ ಹುಳ, ನ್ಯುಮೋನಿಯಾ, ಹಿರೇಬೇನೆ ಇವೆಲ್ಲವುಗಳಲ್ಲಿಯೂ ಉಸಿರು ಕಟ್ಟುವದುಂಟು. ಇವುಗಳಲ್ಲದೆ, ಬೆಳೆದ ಕುರಿಯಲ್ಲಿ ಜ್ವರವಿಲ್ಲದೆ, ಹಸಿವು ಕೆಡದೆ, ತಿಂಗಳುಗಟ್ಟಲೆ ನಿಧಾನವಾಗಿ ಏರುವ ಏದುಸಿರು ಒಂದುಂಟು. ದಕ್ಷಿಣ ಆಫ್ರಿಕದ ಡಚ್ ಮೂಲದ ಒಕ್ಕಲಿಗರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇದನ್ನು ಗುರುತಿಸಿ ‘ಯಾಗ್‌ಸಿಕ್ಟೆ’ ಎಂದು ಹೆಸರಿಟ್ಟರು. ಯಾಗ್ ಎಂದರೆ ಅಟ್ಟುವದು, ಸಿಕ್ಟೆ ಎಂದರೆ ಬೇನೆ. ಅಟ್ಟಿಸಿಕೊಂಡ ಕುರಿಯಂತೆ ಏಗುವ ಬೇನೆ ಎಂದರ್ಥ. ಪುಪ್ಪುಸದಲ್ಲಿ ಗಡ್ಡೆಯು ಬೆಳೆದು, ಆ ಗಡ್ಡೆಯು ನೊರೆನೀರನ್ನು ಸುರಿಸುವದೇ ಈ ಬೇನೆಯ ಸ್ವರೂಪವು. ಇದು ದೂರದೇಶದ ಮಾತೆಂದು ಬಿಡುವಂತಿಲ್ಲ. ರಾಜಸ್ಥಾನದ ಅವಿಕಾನಗರದಲ್ಲಿರುವ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಪರಿಣತರು ಸತ್ತ ಕುರಿಗಳ ಪುಪ್ಪುಸಗಳಲ್ಲಿ ಇದನ್ನು ಕಂಡು ವರದಿ ಮಾಡಿದ್ದಾರೆ. ಈ ಬೇನೆಗೆ ಔಷಧವಿಲ್ಲ, ಲಸಿಕೆಯೂ ಇಲ್ಲ. ಯಾಕೆ ಇಲ್ಲವೆಂಬುದು ಇದನ್ನು ತರುವ ವೈರಸ್ಸಿನ ರಚನೆಯಲ್ಲಿಯೇ ಅಡಗಿದೆ.

ಪ್ರಾಣಿಯ ಶರೀರವೆಲ್ಲ ಕಣ್ಣಿಗೆ ಕಾಣದ ಜೀವಕೋಶಗಳಿಂದ ಆದದ್ದು. ಪ್ರತಿಯೊಂದು ಕೋಶದ ಕೇಂದ್ರದಲ್ಲಿ ಡಿ.ಎನ್.ಎ. ಎಂಬ ಉದ್ದವಾದ ಎಳೆಗಳಿದ್ದು, ಅವುಗಳ ಮೇಲೆ ಆ ಪ್ರಾಣಿಯ ರಚನೆಯ ಸಮಸ್ತ ವಿವರವು ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದಿರುತ್ತದೆ. ಕುರಿಯಲ್ಲಿ ಈ ಬರಹವು ಸುಮಾರು ೨೬೦ ಕೋಟಿ ಅಕ್ಷರಗಳಷ್ಟು ಉದ್ದವಾಗಿದೆ. ಇದನ್ನು ಕಚೇರಿಯಲ್ಲಿಯ ಮೂಲ ದಫ್ತರವೆಂದು ತಿಳಿಯಿರಿ. ಮೂಲ ದಫ್ತರವನ್ನು ಯಾರೂ ಹೊಲಕ್ಕೆ ಒಯ್ಯುವದಿಲ್ಲ. ಬೇಕಾದಷ್ಟರ ಉತಾರ ತೆಗೆಯುತ್ತಾರೆ. ಕೋಶದಲ್ಲಿಯೂ ಹೀಗೆಯೇ. ಬೇಕಾದ ಭಾಗದ ನಕಲು ಆರ್.ಎನ್.ಎ. ರೂಪದಲ್ಲಿ ಹೊರಬರುವದು, ಆ ಉತಾರವನ್ನು ನೋಡಿ ಕೋಶವು ತನಗೆ ಬೇಕಾದ ಪ್ರೋಟೀನುಗಳನ್ನು ಕಟ್ಟುವದು, ಕೆಲಸ ತೀರಿದ ಮೇಲೆ ಉತಾರವು ಹರಿದುಹೋಗುವದು. ದಫ್ತರದಿಂದ ಉತಾರ, ಉತಾರದಿಂದ ಕೆಲಸ. ಉತಾರವನ್ನು ನೋಡಿ ಮೂಲ ದಫ್ತರವನ್ನು ತಿದ್ದುವ ಪದ್ಧತಿಯು ಕಚೇರಿಯಲ್ಲಿ ಇಲ್ಲದಂತೆ ಜೀವಕೋಶದಲ್ಲಿಯೂ ಇರಲಾರದೆಂದು ಶಾಸ್ತ್ರಜ್ಞರು ಬಹುಕಾಲ ನಂಬಿದ್ದರು.

ಈ ನಂಬಿಕೆಯು ಕೆಟ್ಟದ್ದು ಒಂದು ಕೋಳಿಯಿಂದ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಪೇಟನ್ ರೌಸ್ ಎಂಬ ವಿದ್ವಾಂಸರು ಎದೆಯ ಮೇಲೆ ಗಡ್ಡೆಯಾಗಿದ್ದ ಪ್ಲಿಮತ್‌ರಾಕ್ ಜಾತಿಯ ಕೋಳಿಯೊಂದನ್ನು ಪರೀಕ್ಷಿಸಿದರು. ಗಡ್ಡೆಯನ್ನು ಅರೆದು, ಕೋಶಗಳೂ ಬ್ಯಾಕ್ಟೀರಿಯಗಳೂ ದಾಟದಷ್ಟು ಸೂಕ್ಷ್ಮವಾದ ಸೋಸುಕದಿಂದ ಸೋಸಿ, ಆ ತಿಳಿರಸವನ್ನು ಬೇರೆ ಕೋಳಿಗೆ ಚುಚ್ಚಿದರು. ಅದಕ್ಕೂ ಗಡ್ಡೆಯಾಯಿತು. ೧೯೧೧ರಲ್ಲಿ ಅವರು ಇದನ್ನು ಪ್ರಕಟಿಸಿದಾಗ ಹೆಚ್ಚಿನವರು ನಂಬಲಿಲ್ಲ. ನೊಬೆಲ್ ಬಹುಮಾನವು ೧೯೬೬ರಲ್ಲಿ, ಐವತ್ತೈದು ವರ್ಷಗಳ ತರುವಾಯ ದೊರೆಯಿತು. ಇದೇ ಕೋಳಿಯ ವೈರಸ್ಸಿನ ಮೇಲೆ ದುಡಿಯುತ್ತಿದ್ದ ಹೋವರ್ಡ್ ಟೆಮಿನ್ ಅವರು, ಈ ಆರ್.ಎನ್.ಎ. ವೈರಸ್ಸು ಕೋಶದೊಳಗೆ ಡಿ.ಎನ್.ಎ. ಆಗಿ ಬದಲಾಗಿ ನೆಲೆಯೂರುವದೆಂದು ೧೯೬೪ರಲ್ಲಿ ಹೇಳಿದರು. ಅವರನ್ನೂ ಯಾರೂ ನಂಬಲಿಲ್ಲ. ೧೯೭೦ರಲ್ಲಿ ಅವರೂ ಡೇವಿಡ್ ಬಾಲ್ಟಿಮೋರ್ ಅವರೂ ಬೇರೆಬೇರೆಯಾಗಿ, ಉತಾರವನ್ನು ನೋಡಿ ದಫ್ತರ ಬರೆಯುವ ಕಿಣ್ವವನ್ನು ವೈರಸ್ಸಿನೊಳಗೇ ಹಿಡಿದು ತೋರಿಸಿದರು. ೧೯೭೫ರಲ್ಲಿ ಇಬ್ಬರೂ ನೊಬೆಲ್ ಬಹುಮಾನದಲ್ಲಿ ಪಾಲುಗಾರರಾದರು. ‘ರೆಟ್ರೋ’ ಎಂದರೆ ಹಿಮ್ಮುಖ. ಹಿಮ್ಮುಖವಾಗಿ ಬರೆಯುವ ವೈರಸ್ಸಾದುದರಿಂದ ರೆಟ್ರೋವೈರಸ್ಸು.

ಈಗ ಅದರ ಕಟ್ಟಡವನ್ನು ನೋಡುವ. ಒಂದು ರೆಟ್ರೋವೈರಸ್ಸಿನ ಅಡ್ಡಳತೆಯು ಒಂದು ಮಿಲಿಮೀಟರಿನ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಎಲ್ಲಕ್ಕೂ ಹೊರಗೆ ಕೊಬ್ಬಿನ ತೆಳುವಾದ ಹೊದಿಕೆ ಇದೆ. ಇದು ವೈರಸ್ಸಿನ ಸ್ವಂತದ್ದಲ್ಲ. ಹಿಂದೆ ತಾನು ಹೊಕ್ಕಿದ್ದ ಕೋಶದಿಂದ ಹೊರಬೀಳುವಾಗ, ಕಳ್ಳನು ಮನೆಯವರ ಕಂಬಳಿಯನ್ನೇ ಹೊದ್ದು ಹೊರಟಂತೆ, ಅದರ ಪೊರೆಯನ್ನು ಸುತ್ತಿಕೊಂಡು ಬಂದದ್ದು. ಆ ಹೊದಿಕೆಯ ಮೇಲೆ ವೈರಸ್ಸಿನ ಸ್ವಂತದ ಮುಳ್ಳುಗಳು ಎದ್ದಿರುತ್ತವೆ. ಒಳಗೆ ಪ್ರೋಟೀನಿನ ಚಿಪ್ಪು. ಚಿಪ್ಪಿನೊಳಗೆ ವೈರಸ್ಸಿನ ಬರಹವುಳ್ಳ ಆರ್.ಎನ್.ಎ. ಎಳೆಯು ಒಂದಲ್ಲ, ಎರಡು ಪ್ರತಿ. ಎಳೆಗಳ ಸಂಗಡ ಕೆಲಸದ ಮೂರು ಕಿಣ್ವಗಳು: ಹಿಮ್ಮುಖವಾಗಿ ಬರೆಯುವದೊಂದು, ಬರೆದುದನ್ನು ದಫ್ತರದೊಳಗೆ ಹೊಲಿಯುವದೊಂದು, ಪ್ರೋಟೀನನ್ನು ತುಂಡರಿಸುವದೊಂದು. ಇದಿಷ್ಟೇ. ತನ್ನ ಆಹಾರವನ್ನು ತಾನು ಜೀರ್ಣಿಸಲಾರದು, ಉಸಿರಾಡಲಾರದು, ಬೇರೆಯವರ ಮನೆಯನ್ನು ಹೊಗದೆ ಒಂದು ಪ್ರತಿಯನ್ನೂ ಮಾಡಲಾರದು.

ಬರಹವೂ ಚಿಕ್ಕದು. ಕುರಿಯ ಈ ವೈರಸ್ಸಿನಲ್ಲಿ ಸುಮಾರು ೭,೫೦೦ ಅಕ್ಷರಗಳು, ಮುಖ್ಯವಾಗಿ ನಾಲ್ಕು ಜೀನುಗಳು. ‘ಗ್ಯಾಗ್’ ಎಂಬುದು ಚಿಪ್ಪಿನ ಸಾಮಗ್ರಿಯನ್ನೂ, ‘ಪ್ರೊ’ ಎಂಬುದು ತುಂಡರಿಸುವ ಕಿಣ್ವವನ್ನೂ, ‘ಪೋಲ್’ ಎಂಬುದು ಬರೆಯುವ ಮತ್ತು ಹೊಲಿಯುವ ಕಿಣ್ವಗಳನ್ನೂ, ‘ಎನ್ವ್’ ಎಂಬುದು ಹೊರಗಿನ ಮುಳ್ಳುಗಳನ್ನೂ ಮಾಡಿಸುವವು. ಹೀಗೆ ಅವಶ್ಯವಾದ ಜೀನುಗಳಿಂದಲೇ ಸಂಸಾರ ನಡೆಸುವವುಗಳನ್ನು ಸರಳ ರೆಟ್ರೋವೈರಸ್ಸುಗಳೆನ್ನುತ್ತಾರೆ. ಕೋಳಿಗಳಿಗೆ ರಕ್ತದ ಅರ್ಬುದವನ್ನು ತರುವ ವೈರಸ್ಸೂ ಈ ವರ್ಗದ್ದೇ. ಮನುಷ್ಯರಿಗೆ ಏಡ್ಸ್ ತರುವ ಎಚ್.ಐ.ವಿ.ಯು ಇದೇ ವಂಶದ್ದಾದರೂ, ಅದಕ್ಕೆ ಇನ್ನೂ ಆರು ಚಿಕ್ಕ ಜೀನುಗಳಿರುವದರಿಂದ ಅದು ಜಟಿಲವಾದ ವರ್ಗಕ್ಕೆ ಸೇರಿದೆ. ವಂಶದ ಹೆಸರನ್ನು ಕೇಳಿ ಯಾರೂ ಗಾಬರಿಯಾಗಬಾರದು. ಕುರಿಯ ಬೇನೆಯು ಮನುಷ್ಯರಿಗೆ ಅಂಟುವದೆಂಬುದಕ್ಕೆ ಪುರಾವೆಯಿಲ್ಲ. ಹಿಂಡಿನೊಡನೆ ಮಲಗುವ ಕುರುಬನಿಗೆ ಇದರಿಂದ ಏಡ್ಸ್ ಬರುವದಿಲ್ಲ.

ಬೇನೆ ಹಿಡಿದ ಕುರಿಯು ಉಸಿರು ಬಿಟ್ಟಾಗ ಸೂಕ್ಷ್ಮ ಹನಿಗಳಲ್ಲಿ ವೈರಸ್ಸು ಹೊರಬೀಳುವದು. ಪಕ್ಕದ ಕುರಿಯು ಅದನ್ನು ಒಳಗೆಳೆದುಕೊಳ್ಳುವದು. ಗಿಣ್ಣದಿಂದಲೂ ಹಾಲಿನಿಂದಲೂ ತಾಯಿಯಿಂದ ಮರಿಗೆ ದಾಟುವದುಂಟು. ಪುಪ್ಪುಸದ ಕೋಶಗಳ ಮೈಮೇಲೆ ‘ಹಯಾಲ್-೨’ ಎಂಬ ಒಂದು ಪ್ರೋಟೀನು ಇದೆ. ಅದು ಅಲ್ಲಿರುವದು ಕೋಶದ ಸ್ವಂತ ಕೆಲಸಕ್ಕಾಗಿ. ವೈರಸ್ಸಿನ ಮುಳ್ಳು ಕೀಲಿಗೆ ಕೈಯಿಕ್ಕಿದಂತೆ ಅದಕ್ಕೆ ಸರಿಯಾಗಿ ಕೂಡುವದು. ಆಗ ಕೋಶವು ವೈರಸ್ಸನ್ನು ತಾನೇ ಒಳಗೆ ಸೆಳೆದುಕೊಳ್ಳುವದು. ಎರಡರ ಪೊರೆಗಳು ಕೂಡಿಹೋಗಿ ಚಿಪ್ಪು ಒಳಗೆ ಬೀಳುವದು.

ಅಲ್ಲಿ ಬರೆಯುವ ಕಿಣ್ವವು ಕೆಲಸಕ್ಕೆ ತೊಡಗುವದು. ಬರಹಕ್ಕೆ ಒಂದು ಆರಂಭ ಬೇಕಷ್ಟೆ. ಅದಕ್ಕಾಗಿ ಹಿಂದಿನ ಕೋಶದಿಂದ ಎತ್ತಿಕೊಂಡು ಬಂದ ಒಂದು ಚಿಕ್ಕ ಆರ್.ಎನ್.ಎ. ತುಣುಕನ್ನು ಉಪಯೋಗಿಸುವದು. ಆರ್.ಎನ್.ಎ. ಎಳೆಯನ್ನು ಓದುತ್ತ ಡಿ.ಎನ್.ಎ. ಎಳೆಯನ್ನು ಬರೆಯುವದು, ಓದಿ ಮುಗಿದ ಮೂಲವನ್ನು ಹಿಂದೆಯೇ ನಾಶಮಾಡುವದು, ಬಳಿಕ ಡಿ.ಎನ್.ಎ.ಗೆ ಎರಡನೆಯ ಎಳೆಯನ್ನು ಜೋಡಿಸುವದು. ಈ ಬರಹಗಾರನು ಅವಸರದವನು, ಬರೆದುದನ್ನು ತಿರುಗಿ ಓದುವ ಅಭ್ಯಾಸವಿಲ್ಲದವನು. ಆದುದರಿಂದ ತಪ್ಪುಗಳು ಬೀಳುವವು. ಎರಡು ಪ್ರತಿ ಇರುವ ಪ್ರಯೋಜನವು ಇಲ್ಲಿ ಕಾಣುವದು. ಒಂದು ಎಳೆಯು ಹರಿದಿದ್ದರೆ ಬರಹಗಾರನು ಇನ್ನೊಂದಕ್ಕೆ ಹಾರಿ ಓದನ್ನು ಮುಂದುವರಿಸುವನು. ಬರಹ ಮುಗಿದಾಗ ಡಿ.ಎನ್.ಎ.ಯ ಎರಡೂ ತುದಿಗಳಲ್ಲಿ ಒಂದೇ ವಾಕ್ಯವು ಎರಡು ಸಲ ಬಂದಿರುತ್ತದೆ. ‘ಇಲ್ಲಿಂದ ಉತಾರ ತೆಗೆಯಿರಿ’ ಎಂಬ ಅಪ್ಪಣೆ ಆ ವಾಕ್ಯದಲ್ಲಿದೆ. ಈ ಅಪ್ಪಣೆಯನ್ನು ಪುಪ್ಪುಸದ ಕೋಶಗಳು ವಿಶೇಷವಾಗಿ ಪಾಲಿಸುತ್ತವೆ. ಬೇನೆಯು ಪುಪ್ಪುಸದಲ್ಲಿಯೇ ಮೈದೋರುವದಕ್ಕೆ ಇದೊಂದು ಕಾರಣ.

ಮುಂದಿನದೇ ಮುಖ್ಯವಾದ ಹೆಜ್ಜೆ. ಹೊಲಿಯುವ ಕಿಣ್ವವು ಕುರಿಯ ಸ್ವಂತ ಡಿ.ಎನ್.ಎ. ಎಳೆಯನ್ನು ಕತ್ತರಿಸಿ, ಆ ಸಂದಿನಲ್ಲಿ ವೈರಸ್ಸಿನ ಬರಹವನ್ನು ಸೇರಿಸಿಬಿಡುವದು. ಕೋಶವು ಹೊಲಿಗೆಯನ್ನು ತಾನೇ ಬಿಗಿಮಾಡುವದು. ಇಂದಿನಿಂದ ಅದು ಮೂಲ ದಫ್ತರದ ಒಂದು ಪುಟ. ಹೊರಗಿನಿಂದ ಬಂದ ಖೊಟ್ಟಿ ಉತಾರವು ದಾಖಲಾಗಿ ಹೋಯಿತು. ಯಾವ ಗುಮಾಸ್ತನೂ ಅದನ್ನು ಬೇರೆಯಾಗಿ ಗುರುತಿಸಲಾರ. ಕೋಶವು ಒಡೆದು ಎರಡಾದಾಗ ಎರಡಕ್ಕೂ ಆ ಪುಟದ ಪ್ರತಿ ಹೋಗುವದು.

ಆ ಮೇಲೆ ವೈರಸ್ಸಿಗೆ ಶ್ರಮವಿಲ್ಲ. ಕೋಶವೇ ತನ್ನ ಖರ್ಚಿನಿಂದ ಆ ಪುಟದ ಉತಾರಗಳನ್ನು ತೆಗೆಯುವದು. ಅವುಗಳಿಂದ ಪ್ರೋಟೀನುಗಳನ್ನು ಕಟ್ಟುವದು. ಗ್ಯಾಗಿನ ಪ್ರೋಟೀನುಗಳು ಒಂದಕ್ಕೊಂದು ಅಂಟಿ, ಎರಡು ಆರ್.ಎನ್.ಎ. ಎಳೆಗಳನ್ನು ನಡುವೆ ಹಿಡಿದುಕೊಂಡು, ಪೊರೆಯನ್ನು ಮೊಗ್ಗಿನಂತೆ ಉಬ್ಬಿಸಿ ಹೊರಗೆ ಕಳಚಿಕೊಳ್ಳುವವು. ಹೊರಬಿದ್ದ ಬಳಿಕ ತುಂಡರಿಸುವ ಕಿಣ್ವವು ಉದ್ದನೆಯ ಪ್ರೋಟೀನುಗಳನ್ನು ಸರಿಯಾದ ಅಳತೆಗೆ ಕತ್ತರಿಸಿದ ಮೇಲೆಯೇ ವೈರಸ್ಸು ಪಕ್ವವಾಗುವದು. ಇಷ್ಟಾದರೂ ಕೋಶವು ಸಾಯುವದಿಲ್ಲ. ಸತ್ತಿದ್ದರೆ ಚೆನ್ನಾಗಿತ್ತು. ಈ ವೈರಸ್ಸಿನ ಮುಳ್ಳಿನ ಪ್ರೋಟೀನಿಗೆ, ಕೋಶವನ್ನು ಎಡೆಬಿಡದೆ ಬೆಳೆಯುವಂತೆ ಕೆರಳಿಸುವ ವಿಲಕ್ಷಣ ಗುಣವಿದೆ. ಬಾಗಿಲು ತೆರೆಯುವ ಕೀಲಿಕೈಯೇ ಗಡ್ಡೆಯನ್ನೂ ಎಬ್ಬಿಸುವದು. ಪುಪ್ಪುಸದಲ್ಲಿ ದ್ರವವನ್ನು ಸ್ರವಿಸುವ ಕೋಶಗಳೇ ಹೀಗೆ ಬೆಳೆದು ಬೆಳೆದು, ಗಾಳಿ ಇರಬೇಕಾದಲ್ಲಿ ನೊರೆನೀರು ತುಂಬುವದು.

ಊರ ಹಿರಿಯರು ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ಹಿರೇಬೇನೆಯ ವೈರಸ್ಸಿನಲ್ಲಿಯೂ ಆರ್.ಎನ್.ಎ.ಯೇ ಇದೆ. ಆದರೆ ಅದು ಉತಾರದಿಂದ ಉತಾರವನ್ನು ಮಾಡಿಕೊಳ್ಳುವದೇ ಹೊರತು ಮೂಲ ದಫ್ತರವನ್ನು ಮುಟ್ಟುವದಿಲ್ಲ. ಬದುಕಿ ಉಳಿದ ಕುರಿಯ ಮೈಯಿಂದ ಅದು ತೊಲಗುವದು, ಮತ್ತೆ ಆ ಬೇನೆ ಬಾರದಂತೆ ಕುರಿಯು ಶಕ್ತಿಯನ್ನು ಪಡೆಯುವದು. ಅದರ ಲಸಿಕೆಯು ಫಲಿಸುವದು ಈ ಶಕ್ತಿಯಿಂದಲೇ. ಆದುದರಿಂದ ಹಿರೇಬೇನೆಯ ಸೂಜಿಯನ್ನು ಯಾರೂ ತಪ್ಪಿಸಬಾರದು. ಏದುಸಿರಿನ ಬೇನೆಯಲ್ಲಿಯಾದರೋ ವೈರಸ್ಸು ಕುರಿಯ ಸ್ವಂತ ಬರಹವಾಗಿದೆ. ಅದನ್ನು ಅಳಿಸುವ ಔಷಧವಿಲ್ಲ. ಎಚ್.ಐ.ವಿ. ಹಿಡಿದವರು ಜೀವಮಾನವೆಲ್ಲ ದಿನಾಲು ಗುಳಿಗೆ ನುಂಗುವದು ಹೊಸ ಪ್ರತಿಗಳನ್ನು ತಡೆಯಲಿಕ್ಕೆ ಮಾತ್ರ. ದಾಖಲಾದ ಪುಟವು ಹಾಗೆಯೇ ಇರುತ್ತದೆ. ಕುರಿಗೆ ಅಂಥ ಉಪಚಾರವು ಆಗತಕ್ಕ ಮಾತಲ್ಲ. ಸೂಜಿ ಹಾಕಿಸಿದಾಗ ಎರಡು ದಿನ ಹಗುರವಾಗುವದು, ಗಡ್ಡೆಯ ಮೇಲೆ ಸೇರಿದ ಬ್ಯಾಕ್ಟೀರಿಯಗಳು ಸಾಯುವದರಿಂದ; ಗಡ್ಡೆಗೆ ಅದರಿಂದ ಏನೂ ಆಗುವದಿಲ್ಲ.

ಲಸಿಕೆಯಿಲ್ಲದಿರುವದಕ್ಕೂ ರಕ್ತಪರೀಕ್ಷೆಯಿಂದ ಬೇನೆಯನ್ನು ಹಿಡಿಯಲಾಗದಿರುವದಕ್ಕೂ ಇನ್ನೊಂದು ಕಾರಣವುಂಟು. ನನಗೆ ಇದು ಎಲ್ಲಕ್ಕಿಂತ ಆಶ್ಚರ್ಯವೆನಿಸಿತು. ಲಕ್ಷಾಂತರ ವರ್ಷಗಳ ಹಿಂದೆ ಇದೇ ವೈರಸ್ಸಿನ ಪೂರ್ವಜರು ಕುರಿಯ ಪೂರ್ವಜರ ಬೀಜಕೋಶಗಳನ್ನು ಹೊಕ್ಕು ಅಲ್ಲಿಯ ದಫ್ತರದಲ್ಲಿ ದಾಖಲಾದವು. ಆ ಪುಟಗಳು ತಂದೆತಾಯಿಗಳಿಂದ ಮರಿಗಳಿಗೆ ಇಳಿಯುತ್ತ ಬಂದು, ಇಂದಿನ ಕುರಿಯ ಡಿ.ಎನ್.ಎ.ಯಲ್ಲಿ ಅಂಥ ಸುಮಾರು ೨೭ ಪ್ರತಿಗಳು ಎಣಿಕೆಗೆ ಸಿಕ್ಕಿವೆ. ನಿಮ್ಮ ದೊಡ್ಡಿಯ ಆರೋಗ್ಯವಂತ ಕುರಿಯಲ್ಲಿಯೂ ಇವೆ. ಇವು ಬೇನೆ ತರುವದಿಲ್ಲ. ಬದಲಿಗೆ ಕುರಿಯು ಇವುಗಳನ್ನು ದುಡಿಸಿಕೊಳ್ಳುತ್ತದೆ. ಇವುಗಳ ಮುಳ್ಳಿನ ಪ್ರೋಟೀನನ್ನು ತಡೆಗಟ್ಟಿದರೆ ಗರ್ಭದ ಮಾಸು ಸರಿಯಾಗಿ ಬೆಳೆಯದೆ ಗರ್ಭವು ನಿಲ್ಲುವದಿಲ್ಲವೆಂದು ಅಮೇರಿಕದಲ್ಲಿ ಕುರಿಗಳ ಮೇಲೆ ಮಾಡಿದ ಪ್ರಯೋಗದಿಂದ ೨೦೦೬ರಲ್ಲಿ ಗೊತ್ತಾಯಿತು. ಈ ಹಳೆಯ ಪುಟಗಳಲ್ಲಿ ಕೆಲವು, ಹೊರಗಿನಿಂದ ಬಂದ ಹೊಸ ವೈರಸ್ಸಿಗೆ ಅಡ್ಡಗಾಲನ್ನೂ ಹಾಕುತ್ತವೆ. ಆದರೆ ನಷ್ಟವೂ ಇಲ್ಲಿಯೇ ಇದೆ. ಹುಟ್ಟುವ ಮೊದಲೇ ಈ ಪ್ರೋಟೀನುಗಳನ್ನು ತನ್ನವೆಂದು ತಿಳಿದ ಕುರಿಯ ಶರೀರವು, ಅವನ್ನೇ ಹೋಲುವ ಬೇನೆಯ ವೈರಸ್ಸು ಬಂದಾಗ ಶತ್ರುವೆಂದು ಗುರುತಿಸುವದಿಲ್ಲ. ರಕ್ತದಲ್ಲಿ ಪ್ರತಿಕಾಯಗಳೇ ಹುಟ್ಟುವದಿಲ್ಲ. ಪ್ರತಿಕಾಯಗಳನ್ನು ಹುಡುಕುವ ಪರೀಕ್ಷೆಯು ಇಲ್ಲಿ ಏನನ್ನು ಹುಡುಕೀತು?

೧೯೯೬ರಲ್ಲಿ ಸ್ಕಾಟ್ಲಂಡದ ರಾಸ್ಲಿನ್ ಸಂಸ್ಥೆಯಲ್ಲಿ, ಬೆಳೆದ ಕುರಿಯ ಒಂದು ಕೋಶದಿಂದ ಹುಟ್ಟಿಸಿದ ಡಾಲಿ ಎಂಬ ಕುರಿಯ ಹೆಸರನ್ನು ವಾಚಕರು ಕೇಳಿರಬಹುದು. ಜಗತ್ತಿನಲ್ಲಿ ಅಷ್ಟು ಜೋಪಾನದಿಂದ ಬೆಳೆದ ಕುರಿ ಇನ್ನೊಂದಿರಲಿಕ್ಕಿಲ್ಲ. ೨೦೦೩ರ ಫೆಬ್ರುವರಿಯಲ್ಲಿ, ಇನ್ನೂ ಏಳು ವರ್ಷ ತುಂಬುವ ಮೊದಲೇ, ಪುಪ್ಪುಸದಲ್ಲಿ ಇದೇ ವೈರಸ್ಸಿನ ಗಡ್ಡೆಯು ಕಂಡುಬಂದುದರಿಂದ ಅದಕ್ಕೆ ನೋವಿಲ್ಲದ ಮರಣವನ್ನು ಕೊಡಬೇಕಾಯಿತು.

ಹಿಂಡಿಗೆ ಬೇನೆಯು ಹೇಗೆ ಬರುವದೆಂಬುದಕ್ಕೆ ಐಸ್‌ಲಂಡ್ ದ್ವೀಪದ ವೃತ್ತಾಂತವನ್ನು ಪ್ರತಿಯೊಬ್ಬ ಕುರಿಸಾಕಣೆಗಾರನೂ ತಿಳಿದಿರತಕ್ಕದ್ದು. ೧೯೩೩ರಲ್ಲಿ ಅಲ್ಲಿಯ ಸರಕಾರವು ತಳಿಸುಧಾರಣೆಗಾಗಿ ಜರ್ಮನಿಯ ಹಾಲೆ ಎಂಬಲ್ಲಿಂದ ಕರಾಕುಲ್ ಜಾತಿಯ ೨೦ ಕುರಿಗಳನ್ನು ತರಿಸಿತು. ಅವು ನೋಡಲು ಆರೋಗ್ಯವಾಗಿದ್ದವು. ಎರಡು ತಿಂಗಳು ಬೇರೆ ಇಟ್ಟು ನೋಡಿ, ದೋಷವೇನೂ ಕಾಣಲಿಲ್ಲವೆಂದು ಹಳ್ಳಿಗಳಿಗೆ ಹಂಚಿದರು. ಅವುಗಳೊಂದಿಗೆ ಈ ಬೇನೆಯೂ ಇನ್ನೂ ಕೆಲವು ನಿಧಾನವಾದ ಬೇನೆಗಳೂ ದ್ವೀಪವನ್ನು ಹೊಕ್ಕವು. ಮುಂದೆ ಬೇನೆ ಹೊಕ್ಕ ಸೀಮೆಗಳಲ್ಲಿ ಹಿಂಡುಹಿಂಡುಗಳನ್ನೇ ಕೊಂದು, ಆ ಸೀಮೆಯನ್ನು ಕೆಲಕಾಲ ಬರಿದಾಗಿಟ್ಟು, ಶುದ್ಧವಾದ ಕಡೆಯಿಂದ ಹೊಸ ಕುರಿಗಳನ್ನು ತರಬೇಕಾಯಿತು. ೧೯೫೨ರ ಹೊತ್ತಿಗೆ ಏದುಸಿರಿನ ಬೇನೆಯು ಅಲ್ಲಿಂದ ನಿರ್ಮೂಲವಾಯಿತು. ಅಲ್ಲಿಯ ಅಧಿಕಾರಿಗಳು ಮೈಗಳ್ಳರಾಗಿರಲಿಲ್ಲ. ಎರಡು ತಿಂಗಳ ನಿರ್ಬಂಧವು ಹಿರೇಬೇನೆಗೂ ಸಿಡುಬಿಗೂ ಧಾರಾಳವಾಗಿ ಸಾಕು. ದಫ್ತರದಲ್ಲಿ ಅಡಗಿ ಎರಡರಿಂದ ನಾಲ್ಕು ವರ್ಷ ಕಾಯಬಲ್ಲ ಬೇನೆಗೆ ಅದು ಯಾವ ಲೆಕ್ಕವೂ ಅಲ್ಲ.

ಇದರಿಂದ ನಮ್ಮ ಭಾಗದವರಿಗೆ ಆಚರಣೆಯ ಮಾತುಗಳು ಕೆಲವು ಹೊರಡುತ್ತವೆ. ಸಂತೆಯಲ್ಲಿ ಟಗರನ್ನು ಕೊಳ್ಳುವಾಗ ಕೊಂಬನ್ನೂ ಮೈಕಟ್ಟನ್ನೂ ನೋಡುವ ನಾವು, ಅದು ಯಾವ ಹಿಂಡಿನದೆಂದು ಕೇಳುವದು ಅಪರೂಪ. ಟಗರು ಆರೋಗ್ಯವಾಗಿ ಕಂಡರೆ ಸಾಲದು. ಅದರ ಹಿಂಡಿನಲ್ಲಿ ಬೆಳೆದ ಕುರಿಗಳು ಏಗಿ ಏಗಿ ಸತ್ತದ್ದುಂಟೋ ಎಂದು ವಿಚಾರಿಸತಕ್ಕದ್ದು. ಸಾಧ್ಯವಾದರೆ ಪರಿಚಿತರ ಹಿಂಡಿನಿಂದಲೇ ಟಗರನ್ನು ತರುವದು ಲೇಸು. ಏದುಸಿರಿನ ಕುರಿಯನ್ನು ಕಂಡ ದಿನವೇ ಹಿಂಡಿನಿಂದ ಬೇರ್ಪಡಿಸಿ, ನೀರು ಮೇವುಗಳನ್ನು ಬೇರೆಯಾಗಿಯೇ ಕೊಡಬೇಕು. ಹಿಂಗಾಲುಗಳನ್ನು ಮೇಲೆತ್ತಿ ತಲೆಯನ್ನು ಬಗ್ಗಿಸಿದಾಗ ಎರಡೂ ಹೊಳ್ಳೆಗಳಿಂದ ನೊರೆನೀರು ಸುರಿಯುವದು ಈ ಬೇನೆಯ ಬಲವಾದ ಲಕ್ಷಣವು. ಆದರೆ ಎಲ್ಲ ಕುರಿಗಳಲ್ಲಿಯೂ ಹಾಗೆ ಆಗುವದಿಲ್ಲ. ಅಲ್ಲದೆ ಬಳಲಿದ ಕುರಿಯು ಆಗಲೇ ಉಸಿರು ಕಟ್ಟಿ ಸಾಯುವ ಭಯವಿರುವದರಿಂದ ಈ ಪರೀಕ್ಷೆಯನ್ನು ಪಶುವೈದ್ಯರಿಗೇ ಬಿಡಬೇಕು. ಅವರು ಇದೇ ಬೇನೆಯೆಂದು ಹೇಳಿದರೆ ಆ ಕುರಿಯನ್ನು ಉಳಿಸಿಕೊಳ್ಳುವ ಆಸೆಯನ್ನು ಬಿಡುವದೇ ಹಿಂಡಿಗೆ ಹಿತ. ಸಂತೆಗೆ ಒಯ್ದು ಇನ್ನೊಬ್ಬನಿಗೆ ಮಾರುವದು ಮಾತ್ರ ಯಾರಿಗೂ ಹಿತವಲ್ಲ. ಅದರ ಮರಿಗಳನ್ನು ತಳಿಗಾಗಿ ಇಟ್ಟುಕೊಳ್ಳಬಾರದು.

ಎಳೆಯ ಮರಿಗಳ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು. ಹುಟ್ಟಿದ ಹೊಸದರಲ್ಲಿ ಪುಪ್ಪುಸದ ಕೋಶಗಳು ಶೀಘ್ರವಾಗಿ ಒಡೆದು ಬೆಳೆಯುತ್ತಿರುತ್ತವೆ. ವೈರಸ್ಸಿಗೆ ಬೇಕಾದದ್ದು ಅಂಥ ಕೋಶಗಳೇ. ಹುಳದಿಂದಲೋ ನ್ಯುಮೋನಿಯದಿಂದಲೋ ಗಾಯಗೊಂಡು ತಿರುಗಿ ಕೂಡಿಕೊಳ್ಳುತ್ತಿರುವ ಪುಪ್ಪುಸವೂ ಅದಕ್ಕೆ ಅನುಕೂಲವಾದದ್ದೇ. ಆದುದರಿಂದ ಮರಿಗಳನ್ನು ಕೂಡುವ ಗೂಡು ಇಕ್ಕಟ್ಟಾಗಿರದೆ ಗಾಳಿ ಆಡುವಂತಿರಬೇಕು. ಹುಳದ ಔಷಧವನ್ನು ಕಾಲಕಾಲಕ್ಕೆ ಕುಡಿಸಬೇಕು. ವೈರಸ್ಸು ಹೊಕ್ಕ ಕುರಿಗಳಲ್ಲಿ ಹಲವು ಗಡ್ಡೆಯೇ ಕಾಣದೆ ತಮ್ಮ ಆಯುಷ್ಯವನ್ನು ಮುಗಿಸುವದುಂಟು. ಒಂದು ಕುರಿ ಏಗಿತೆಂದು ಹಿಂಡನ್ನೆಲ್ಲ ಮಾರಿಬಿಡುವ ಅವಸರವು ಬೇಡ.

ಕೊನೆಯದಾಗಿ ಸತ್ತ ಕುರಿಯ ಮಾತು. ಅದನ್ನು ಹೂಳುವ ಮುಂಚೆ ಹತ್ತಿರದ ಪಶುವೈದ್ಯರಿಗೆ ಸುದ್ದಿ ಮುಟ್ಟಿಸಿರಿ. ಗದಗಿನಲ್ಲಿಯೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ. ಬೆಂಗಳೂರಿನ ಹೆಬ್ಬಾಳದಲ್ಲಿ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆಯಿದೆ. ವೈದ್ಯರು ಪುಪ್ಪುಸದ ತುಣುಕೊಂದನ್ನು ಅದರ ಹತ್ತು ಪಾಲು ಫಾರ್ಮಲಿನ್ ದ್ರಾವಣದಲ್ಲಿಯೂ ಇನ್ನೊಂದನ್ನು ಬರ್ಫದಲ್ಲಿಯೂ ಇಟ್ಟು ಕಳುಹಿಸುವರು. ಸಂಗಡ ಕಳುಹಿಸುವ ಚೀಟಿಯಲ್ಲಿ ಕುರಿಯ ವಯಸ್ಸು, ಏದುಸಿರು ಆರಂಭವಾದ ತಿಂಗಳು, ಅದನ್ನು ಕೊಂಡ ಊರು ಮತ್ತು ಹಿಂಡು, ಕಳೆದ ಬೇಸಗೆಯಲ್ಲಿ ಯಾರ ಯಾರ ಹೊಲಗಳಲ್ಲಿ ಯಾವ ಯಾವ ಹಿಂಡುಗಳೊಂದಿಗೆ ನಿಂತಿತ್ತೆಂಬುದು, ಇಷ್ಟನ್ನು ಬರೆಯಿಸಬೇಕು. ಆ ವಿವರಗಳು ವೈದ್ಯರಿಗೆ ಗೊತ್ತಿರುವದಿಲ್ಲ. ಊರಿನ ಹಿರಿಯರಿಗೂ ಹಿಂಡಿನ ಕುರುಬನಿಗೂ ಗೊತ್ತಿರುತ್ತವೆ.